ಹೆಬ್ಬೆರಳಿನ ಬೆವರು

ಕ್ಯಾನ್ಸರ್ ಗಡ್ಡೆ ಸುಡಿಸಿಕೊಳ್ಳುವವರ ಜೊತೆ ಮನೆಯವರೊಬ್ಬರು ಆಸ್ಪತ್ರೆಗೆ ಹೋಗಿ, ಯಂತ್ರದ ತೆಳು ತಗಡಿಗೆ ಹೆಬ್ಬೆರಳು ಒತ್ತಬೇಕು. ಲೇಸರ್ ಬಡಿದಾಗ ಆ ಬೆವರಿನ ಪ್ರೋಟಾನುಗಳೇ ಚಿಮ್ಮಿ ಗಡ್ಡೆಗೆ ನಾಟುತ್ತವೆ. ಓರಗಿತ್ತಿ ಕೊಟ್ರಮ್ಮನ ಪಾಳಿ ಬಂದಾಗ ನೀಲವ್ವನಿಗೆ ಹನ್ನೊಂದು ವರ್ಷದ ಹಿಂದಿನ ಸೀರೆ ಜಗಳ ನೆನಪಾಯಿತು. ಇವಳಿಗೇಕೆ ನನ್ನ ಬೆವರು ಎಂದುಕೊಂಡು, ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಯೇ ಒತ್ತಿದಳು.

ಲೇಸರ್ ಬಡಿಯಿತು. ಪ್ರೋಟಾನು ಎಣಿಸುವ ಮೀಟರಿನ ಮುಳ್ಳು ಅಲುಗಲಿಲ್ಲ.

"ಬೆರಳು ಒರೆಸಿಕೊಂಡ್ರೇನ್ರೀ?" ನರ್ಸ್ ರೇಗಿದಳು.

"ಆಕಿಗೆ ಬೈಬ್ಯಾಡ್ರೀ," ಮಲಗಿದಲ್ಲಿಂದಲೇ ಕೊಟ್ರಮ್ಮ ಅಂದಳು. "ನಾನು ಮಲಗಿದಾಗಿಂದ ಮನಿ ಕೆಲಸೆಲ್ಲಾ ಆಕಿ ಒಬ್ಬಾಕಿ ಮ್ಯಾಲ ಬಿದ್ದೈತಿ. ಭಾಂಡೆ ತಿಕ್ಕಿ ತಿಕ್ಕಿ ಕೈ ಒಣಗ್ಯಾವ, ಪಾಪ."

ನರ್ಸ್ ಹೊಸ ತಗಡು ಇಟ್ಟಳು. ನೀಲವ್ವ ತಲೆ ಎತ್ತಲಿಲ್ಲ. ಅಂಗೈಯೆಲ್ಲ ಒದ್ದೆಯಾಗಿತ್ತು. ಒರೆಸಿಕೊಳ್ಳದೆ ಒತ್ತಿದಳು.

ಈ ಸಲ ಮುಳ್ಳು ಕೊನೆಯವರೆಗೆ ಹೋಗಿ ಬಡಿಯಿತು.