ಹೊಸ್ತಿಲೆತ್ತರದ ಗಾಳಿಪಟ

ಕೆಂಡಗುಡ್ಡ ಕುಸಿದ ದಿನ ಬಂತೆಂದರೆ, ಹಿಂದೆ ಆ ಗುಡ್ಡದ ಮೇಲೆ ಮನೆಯಿದ್ದವರೆಲ್ಲ ಕೆರೆಗೆ ದೋಣಿಯಿಳಿಸಿ, ತಮ್ಮ ತಮ್ಮ ಹೊಸ್ತಿಲಿದ್ದ ಎತ್ತರಕ್ಕೆ ಗಾಳಿಪಟ ಬಿಡುವುದು ವಾಡಿಕೆ. ಕಣ್ಣು ಮಂಜಾದ ಅವ್ವ ಈ ಸಲವಾದರೂ ಪಟ ಮನೆ ಮುಟ್ಟಬೇಕೆಂದು ಹಟ ಹಿಡಿದಿದ್ದಳು. ಮಗಳು ಕಸ್ತೂರಿ ದಾರ ಬಿಡುತ್ತಲೇ ಇದ್ದಳು.

“ಗುಡ್ಡ ಸಿಡಿದು ಹಾರಿಹೋಯ್ತಾ ಅಜ್ಜಿ?” ಕಸ್ತೂರಿಯ ಮಗಳು ಕೇಳಿದಳು.

“ಹಾರಲಿಲ್ಲ ಕಣೇ. ಹೊಟ್ಟೆಯೊಳಗಿನ ಬೆಂಕಿಯನ್ನೆಲ್ಲ ಕಕ್ಕಿ, ಒಳಗೆ ಪೊಳ್ಳಾಗಿ, ತನ್ನ ಭಾರಕ್ಕೆ ತಾನೇ ಕುಸಿದು ಕೂತಿತು. ಆ ಗುಂಡಿಯೇ ಈ ಕೆರೆ.”

ಅಷ್ಟರಲ್ಲಿ ದಾರ ಮುಗಿಯಿತು. ಇನ್ನೂ ಮೂವತ್ತು ಮಾರು ಬೇಕಿತ್ತು. ಕಸ್ತೂರಿ ತುದಿಯನ್ನು ಅವ್ವನ ಬೆರಳಿಗೆ ಸುತ್ತಿದಳು. “ಮುಟ್ಟಿತು ನೋಡವ್ವ.”

ಅವ್ವ ಜಗ್ಗಿ ನೋಡಿ ನಕ್ಕಳು. “ಸುಳ್ಳಾಡಬೇಡ. ಇಷ್ಟು ಮೆತ್ತಗೆ ಗಾಳಿ ಬೀಸುತ್ತಿದ್ದುದು ಕೆಳಗಿನ ಕಾಳಮ್ಮನ ಮನೆ ಮುಂದೆ. ಇರಲಿ, ಅವಳ ಜಗಲಿ ಮೇಲೇ ಒಂದಿಷ್ಟು ಹೊತ್ತು ಕೂರೋಣ.”