ಮಾತಾಡದ ಕರಡಿಯ ಸಂಬಳ

ಸಾಹುಕಾರ ಬರುವಷ್ಟರಲ್ಲಿ ಕರಡಿ ಅಂಗಡಿಯ ಬಾಗಿಲಿಗೆ ಅಡ್ಡ ಕೂತಾಗಿತ್ತು. ಬೆನ್ನು ಒಂದು ಚೌಕಟ್ಟಿಗೆ, ಪಾದ ಇನ್ನೊಂದು ಚೌಕಟ್ಟಿಗೆ, ಕೈ ಎದೆಯ ಮೇಲೆ. ನೊಣ ಬೇಕಾದರೆ ಒಳಗೆ ನುಗ್ಗಬಹುದಿತ್ತು, ಗಿರಾಕಿ ಮಾತ್ರ ಸಾಧ್ಯವಿರಲಿಲ್ಲ. ಅದೂ ಭಾನುವಾರ. ಗೊಂಬೆ ಅಂಗಡಿಗೆ ನಾಲ್ಕು ಕಾಸು ಹುಟ್ಟುವ ದಿನವೇ ಅದು.

ಅವನಿಗೆ ಸಿಟ್ಟಿಗಿಂತ ಮೊದಲು ಅನುಮಾನ ಬಂತು. ಈ ಕರಡಿಯನ್ನು ಕಿತ್ತುಹಾಕಿ, ಇನ್ನೂ ಕಡಿಮೆಗೆ ಸಿಕ್ಕುವ ಯಾರನ್ನಾದರೂ ವೇಷದೊಳಗೆ ತೂರಿಸಬೇಕೆಂದು ನಿನ್ನೆಯಷ್ಟೇ ತೀರ್ಮಾನಿಸಿದ್ದ. ಊಟದ ಹೊತ್ತಿನಲ್ಲಿ ಹೆಂಡತಿಯ ಮುಂದೆ ಹೇಳಿಕೊಂಡದ್ದು ಬಿಟ್ಟರೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವಳೋ ಅಂಗಡಿಯ ಕಡೆ ತಲೆ ಹಾಕಿದವಳೇ ಅಲ್ಲ. ಇವನು ಏಳುವ ಮುಂಚೆಯೇ ಅಕ್ಕನ ಮನೆಗೆ ಹೊರಟುಬಿಡುತ್ತಿದ್ದಳು. ಮಧ್ಯಾಹ್ನದ ಊಟ ಅಲ್ಲೇ ಆಗುತ್ತದಲ್ಲ ಎಂದು ಅವನಿಗೂ ಒಳಗೊಳಗೇ ಹಿಗ್ಗು. ಹಾಗಾದರೆ ಸುಳಿವು ಹಿಡಿದವಳು ಹೊಲಿಗೆಯಕ್ಕನೇ.

ಹೊಲಿಗೆಯಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೊಂಬೆ ಹೊಲಿಯುವವಳು. ಹಳೆ ಕಂಬಳಿ ಕತ್ತರಿಸಿ, ತಲೆಯಿಂದ ಕಾಲಿನವರೆಗೆ ಕರಡಿಯ ವೇಷ ಹೊಲಿದವಳೂ ಅವಳೇ, ಅದರೊಳಗೆ ಇಳಿದು ಬಾಗಿಲಲ್ಲಿ ಮಕ್ಕಳನ್ನು ಕರೆಯಲು ಆಳು ತಂದವಳೂ ಅವಳೇ. ಯಾರು ಎಂದು ಸಾಹುಕಾರ ಕೇಳಿದಾಗ, "ನಂಬಿಕಸ್ಥರು. ನಮ್ಮವರೇ ಅನ್ಕೊಳ್ಳಿ," ಎಂದಿದ್ದಳು. ಇವಳ ತಮ್ಮ ಇರಬೇಕು ಎಂದುಕೊಂಡು ಅವನು ಸುಮ್ಮನಾದ. ಎಷ್ಟು ಕೊಡಬೇಕು ಎನ್ನುವುದರ ಮೇಲಿದ್ದ ಗಮನ ಯಾರಿಗೆ ಕೊಡಬೇಕು ಎನ್ನುವುದರ ಮೇಲೆ ಇರಲಿಲ್ಲ.

ಒಪ್ಪಿದಷ್ಟನ್ನೂ ಒಂದು ತಿಂಗಳಾದರೂ ಪೂರ್ತಿ ಕೊಟ್ಟ ಪುಣ್ಯಾತ್ಮನಲ್ಲ. ಕರಡಿ ಕೂತರೆ ಕಡಿತ, ಕೆಮ್ಮಿದರೆ ಕಡಿತ. ಹೋಗಿ ಕಂಬಕ್ಕೆ ಗುದ್ದಿಕೊಂಡರೆ ಕಂಬಕ್ಕೆ ಪೆಟ್ಟಾಯಿತೆಂದು ಕಡಿತ. ವೇಷ ಒಗೆಸುವ ಖರ್ಚೆಂದು ಒಂದಿಷ್ಟು ಹಿಡಿದುಕೊಳ್ಳುತ್ತಿದ್ದ. ಆಮೇಲೆ ಆ ಖರ್ಚೂ ದಂಡವೆನ್ನಿಸಿ, ಮನೆಗೆ ಒಯ್ದು ನೀನೇ ಒಗೆದು ತಾ ಎಂದು ಅಪ್ಪಣೆ ಮಾಡಿದ. ಹಿಡಿದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಇದೆಲ್ಲ ಸಾಲದೆಂದು ಗೋಡೆಗೊಂದು ಬೋರ್ಡು ಬೇರೆ: "ಕರಡಿ ಮಾತಾಡಿದರೆ ಅರ್ಧ ಸಂಬಳ ಕಟ್." ಮಕ್ಕಳು ಹೆದರುತ್ತಾರೆ ಎಂಬುದು ನೆಪ. ಬಾಯಿ ಬಿಟ್ಟು ಸಂಬಳ ಕೇಳಲಾರದ ಆಳು ಈ ಲೋಕದಲ್ಲಿ ಇನ್ನೆಲ್ಲಿ ಸಿಕ್ಕೀತು?

"ಸುಮ್ಮನೆ ಕಂಬಕ್ಕೆ ಗುದ್ದಲ್ಲ ಸಾಹುಕಾರ್ರೆ," ಎಂದು ಹೊಲಿಗೆಯಕ್ಕ ಎಷ್ಟೋ ಸಲ ಹೇಳಿದ್ದಳು. "ಕನ್ನಡಕ ಒಡೆದುಹೋಗಿದೆ. ಕಣ್ಣೆಲ್ಲ ಮಂಜು ಮಂಜು. ನೀವು ಬಾಕಿ ಕೊಟ್ರೆ ಹೊಸದು ತಗೋಬಹುದು, ಪಾಪ."

"ಕರಡಿಗ್ಯಾಕಮ್ಮ ಕನ್ನಡಕ? ಪೇಪರ್ ಓದತ್ತಾ?" ಎಂದು ಸಾಹುಕಾರ ತನ್ನ ಮಾತಿಗೆ ತಾನೇ ನಕ್ಕಿದ್ದ.

ಆ ನಗು ಇವತ್ತು ಬರಲಿಲ್ಲ. ಗದರಿಸಿ ನೋಡಿದ, ಕರಡಿ ಅಲ್ಲಾಡಲಿಲ್ಲ. ಪೂಸಿ ಹೊಡೆದ, ಅದಕ್ಕೂ ಜಗ್ಗಲಿಲ್ಲ. ಏನು ಬೇಕೋ ಬಾಯಿ ಬಿಟ್ಟು ಹೇಳು ಮಾರಾಯ ಎಂದು ಕೈ ಮುಗಿದ. ಕರಡಿ ನಿಧಾನವಾಗಿ ಕೈಯೆತ್ತಿ ಗೋಡೆಯ ಬೋರ್ಡು ತೋರಿಸಿತು.

ಅಷ್ಟರಲ್ಲಿ ಮಕ್ಕಳು ಮುತ್ತಿಕೊಂಡರು. ಒಂದು ಪುಟ್ಟ ಹುಡುಗಿ ಕರಡಿಯ ತೊಡೆಯೇರಿ, ಯಾಕೆ ಕೋಪ ಎಂದು ಕೇಳಿತು. ಉತ್ತರ ಅಂಗಡಿಯೊಳಗಿದ್ದ ಹೊಲಿಗೆಯಕ್ಕನಿಂದ ಬಂತು. "ಕರಡಿ ದಿನಾ ಕುಣಿಯತ್ತೆ ಪುಟ್ಟಿ. ಸಾಹುಕಾರ್ರು ಪೂರ್ತಿ ಸಂಬಳನೇ ಕೊಡಲ್ಲ."

ಪುಟ್ಟಿ ಗೋಳೋ ಎಂದಿತು. ಅದನ್ನು ನೋಡಿ ಪಕ್ಕದ್ದು, ಪಕ್ಕದ್ದನ್ನು ನೋಡಿ ಹಿಂದಿನದ್ದು. ಬೀದಿಯೆಲ್ಲ ಒಂದೇ ಅಳು. ಕರಡಿಯ ಬಾಕಿ ತೀರದೆ ಈ ಅಂಗಡಿಯಲ್ಲಿ ಗಿಲಕಿಯನ್ನೂ ಕೊಳ್ಳುವುದಿಲ್ಲ ಎಂದು ಒಬ್ಬ ತಾತ ಕೋಲು ಕುಟ್ಟಿ ಸಾರಿದರು. ಸಾಹುಕಾರ ಇಂಗು ತಿಂದ ಮಂಗನಂತೆ ಸುತ್ತ ನೋಡಿದ. ಮನಸ್ಸಿಲ್ಲದ ಮನಸ್ಸಿನಿಂದ ಜೇಬಿಗೆ ಕೈ ಹಾಕಿದ.

ಮೊದಲು ಸ್ವಲ್ಪ ಕೊಟ್ಟ. ಕರಡಿ ತಲೆಯಾಡಿಸಿತು. ಇನ್ನಷ್ಟು ಕೊಟ್ಟ. ಮತ್ತೆ ತಲೆಯಾಡಿಸಿತು. ತನ್ನ ಬಾಕಿಯೆಲ್ಲ ಬಂದ ಮೇಲೂ ಏಳದೆ ಹೊಲಿಗೆಯಕ್ಕನ ಕಡೆ ಬೆರಳು ಮಾಡಿತು. ಅವಳ ಹೊಲಿಗೆಯ ಬಾಕಿಯನ್ನೂ ಎಣಿಸಿ ಕೊಡುವಾಗ ಸಾಹುಕಾರನಿಗೆ ಕರುಳೇ ಕಿತ್ತು ಬಂದಂತಾಯಿತು. ಆಗ ಕರಡಿ ಎದ್ದು, ಎಲ್ಲರೆದುರು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡಿತು. ಮಕ್ಕಳು ಚಪ್ಪಾಳೆ ಹೊಡೆದರು. ಎಲ್ಲೋ ಪರಿಚಯವಿರುವ ಸೋಪಿನ ವಾಸನೆ ಮೂಗಿಗೆ ಬಡಿಯಿತು, ದುಡ್ಡು ಹೋದ ಸಂಕಟದಲ್ಲಿ ಅದನ್ನು ಅಲ್ಲೇ ಮರೆತ.

ಮರುದಿನ ಅಂಗಡಿಗೆ ರಜೆ. ಸಾಹುಕಾರ ತಟ್ಟೆಯಿಂದ ತಲೆಯೆತ್ತದೆ ಉಂಡ. ಬಹಳ ದಿನದ ಮೇಲೆ ಅಡುಗೆಗೆ ಉಪ್ಪು ಸರಿಯಾಗಿ ಬಿದ್ದಿತ್ತು. ಹೆಂಡತಿ ಎರಡೆರಡು ಸಲ ಹಾಕಿದಾಗಲೆಲ್ಲ ಮನೆಖರ್ಚಿನಲ್ಲಿ ಮುರಿದುಕೊಳ್ಳುತ್ತಿದ್ದವನಿಗೆ ಇವತ್ತು ಆ ಸುಖವೂ ಇಲ್ಲ.

"ಆ ಹೊಲಿಗೆಯಕ್ಕನ ತಮ್ಮ ನನ್ನ ಮುಳುಗಿಸಿಬಿಟ್ಟ ಕಣೇ," ಎಂದ.

"ಹೋಗ್ಲಿ ಬಿಡಿ," ಎಂದಳು ಹೆಂಡತಿ. "ದುಡಿದವರ ದುಡ್ಡು ಎಲ್ಲಿಗೆ ಹೋಗತ್ತೆ? ಮನೆಗೇ ತಾನೇ ಬರೋದು."

ಯಾರ ಮನೆಗೆ ಎಂದು ಅವನು ಕೇಳಲಿಲ್ಲ. ಕೈ ತೊಳೆದು ನೋಡಿದರೆ ಒರೆಸಿಕೊಳ್ಳಲು ಟವೆಲ್ ಇರಲಿಲ್ಲ. ಕೂಗಿದ. ಮದುವೆಯಾದಾಗಿನಿಂದ ಕೂಗಿದಲ್ಲಿಗೆ ಟವೆಲ್ ಬರುತ್ತಿತ್ತು. ಇವತ್ತು ಹೆಂಡತಿ ಕುರ್ಚಿ ಬಿಟ್ಟು ಏಳಲಿಲ್ಲ.

"ನಂಗೆ ಕಾಲು ನೋವು. ಮಹಡಿ ಮೇಲೆ ಒಣಗ್ತಿದೆ, ನೀವೇ ಹೋಗಿ ತಗೊಳ್ಳಿ."

ತನ್ನ ಮನೆಯ ಬಟ್ಟೆ ಎಲ್ಲಿ ಒಣಗುತ್ತದೆಂದು ಜನ್ಮದಲ್ಲಿ ನೋಡಿರದ ಸಾಹುಕಾರ, ಒದ್ದೆ ಕೈ ಕೊಡವುತ್ತ, ಗೊಣಗುತ್ತ ಮೆಟ್ಟಿಲು ಹತ್ತಿದ.

ಹಗ್ಗದ ಮೇಲೆ, ಅವನ ಎರಡು ಬನಿಯನ್‌ಗಳ ನಡುವೆ, ಎರಡೂ ಕಿವಿಗೆ ಕ್ಲಿಪ್ಪು ಹಾಕಿಸಿಕೊಂಡು ಕರಡಿ ನೇತಾಡುತ್ತಿತ್ತು.