ಧಣಿಯ ಕಾಲು

ಕೋರ್ಟಿನ ಅಮೀನ ಹಣಮಂತಪ್ಪ ಸೋಮವಾರ ಮುಂಜಾನೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಬಲಗಾಲೊಂದನ್ನು ತಂದು ಫಕೀರವ್ವನ ಮಗ್ಗದ ಪಕ್ಕ ಇಟ್ಟ. ಬ್ರೇಕಿಲ್ಲದ ತನ್ನ ಬಸ್ಸನ್ನು ರಸ್ತೆಗೆ ಬಿಟ್ಟು ಅವಳ ಬಲಗಾಲು ತೆಗೆದ ಧಣಿ, ತನ್ನದೇ ಕಾಲನ್ನು ಒಂದು ವರ್ಷ ಅವಳಿಗೆ ಬಿಚ್ಚಿ ಕೊಡಬೇಕೆಂದು ತೀರ್ಪಾಗಿತ್ತು. ಕಳೆದವನ ಅಂಗವೇ ಕಳಕೊಂಡವರಿಗೆ ಎಂಬ ಕಾಯ್ದೆಯೇನೋ ಚೆನ್ನಾಗಿಯೇ ಇತ್ತು. ಒಂಟಿ ಕಾಲಲ್ಲಿ ಮಗ್ಗ ತುಳಿಯಲಾಗದೆ ಫಕೀರವ್ವನ ಸೀರೆ ಐದು ತಿಂಗಳಿಂದ ಅರ್ಧಕ್ಕೇ ನಿಂತಿತ್ತು.

"ಸಹಿ ಮಾಡಬೇ ಯಕ್ಕಾ, ಹಾಕ್ಕೊಂಡು ನೇಯಿ," ಎಂದ ಅಮೀನ.

ಫಕೀರವ್ವ ಬಟ್ಟೆ ಬಿಚ್ಚಿ ನೋಡಿದಳು. ಹಿಮ್ಮಡಿ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಗ್ರೀಸಿನ ಕರಿ ಕೂತಿತ್ತು.

"ಕಾರಿಂದ ಇಳಿಯದ ಧಣಿ ಹಿಮ್ಮಡ್ಯಾಗ ಗ್ರೀಸ್ ಎಲ್ಲಿಂದ ಬಂತೋ? ಖರೇ ಹೇಳು, ಯಾರ ಕಾಲಿದು?"

ಅಮೀನ ತಲೆ ಕೆರೆದುಕೊಂಡ. "ಧಣ್ಯಾರ ಗ್ಯಾರೇಜಿನ ಸಿದ್ರಾಮಂದು. ಕೊಡದಿದ್ರ ಕೆಲಸ ಬಿಡಸ್ತೀನಿ ಅಂದ್ರಂತ ಧಣ್ಯಾರು. ನಿನಗ್ಯಾಕಬೇ ಅದೆಲ್ಲ? ಯಾರದಾದ್ರೂ ಕಾಲು ಕಾಲೇ. ಇದನ್ನ ಬಿಟ್ರ ವರ್ಷಗಟ್ಟಲೆ ಕೋರ್ಟಿಗೆ ಅಲೀತೀ ನೋಡು."

"ತಪ್ಪು ಮಾಡಿದಾವ ಕಾರಿನ್ಯಾಗ ತಿರಗಬೇಕು, ನಾನೂ ಸಿದ್ರಾಮನೂ ಪಾಳಿ ಹಚ್ಚಿ ಕುಂಟಬೇಕು! ಇದನ್ನ ಹೊತ್ತು ತರಾಕ ನಾಚಿಕಿ ಬರಲಿಲ್ಲೇನೋ ನಿನಗ?"

ಸಹಿಯ ಜಾಗದಲ್ಲಿ ಅವಳು 'ಇದು ಧಣಿಯ ಕಾಲಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಆಮೇಲೆ ಕಾಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ಊರುಗೋಲು ಹಿಡಿದು ಎದ್ದಳು.

"ನಿನ್ನ ಜೀಪು ತೆಗಿ. ಮೊದಲ ಗ್ಯಾರೇಜಿಗೆ ನಡಿ. ಸಿದ್ರಾಮಗ ಕಾಲು ಹಾಕಿ, ಅವನ್ನೂ ಕರ್ಕೊಂಡು ಧಣಿ ಮನಿಗೆ ಹೋಗೂಣು."